ಡಬ್ಬಿಯ ಮೇಲಿನ ಚಿತ್ರ, ಡಬ್ಬಿಯೊಳಗಿನ ಮಾಲು



ಗಿರಾಕಿಯ ಕಣ್ಣಿಗೆ ತೋರಿಸಿದ ಮಾಲು ಒಂದು, ಅವನ ಕೈಗೆ ಕಟ್ಟಿಕೊಟ್ಟ ಮಾಲು ಇನ್ನೊಂದು. ಈ ದೋಷವನ್ನು ಯಾವ ಖಾತೆಗೆ ಬರೆಯಬೇಕು? ಸುಳ್ಳಿನ ಖಾತೆಗೋ, ಕಳ್ಳತನದ ಖಾತೆಗೋ? ವ್ಯಾಪಾರದ ಮನೆತನಗಳಲ್ಲಿ ಹುಟ್ಟಿ ಬೆಳೆದ ನಮಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಈ ತಿಂಗಳು ಇದರ ಉತ್ತರವನ್ನು ಜೋಳದ ಚೀಲದಲ್ಲಾಗಲಿ, ಸೀರೆಯ ಮಡಿಕೆಯಲ್ಲಾಗಲಿ ಹುಡುಕುವುದು ಬೇಡ. ಸ್ವಲ್ಪ ದೂರ ಹೋಗೋಣ. 1980ರ ದಶಕದಲ್ಲಿ ಇಂಗ್ಲೆಂಡಿನ ಮಕ್ಕಳು ಆಡುತ್ತಿದ್ದ ಕಂಪ್ಯೂಟರ್ ಆಟಗಳ ಡಬ್ಬಿಗಳನ್ನು ನೋಡೋಣ. ಈಗಿನ ಹುಡುಗರು ಆ ಹಳೆಯ ಡಬ್ಬಿಗಳ ಫೋಟೋಗಳನ್ನು ಮೊಬೈಲಿನಲ್ಲಿ ನೋಡಿ ನಗುತ್ತಾರೆ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅಲ್ಲಿ ನಗುವುದಕ್ಕಿಂತ ಕಲಿಯುವುದೇ ಹೆಚ್ಚಾಗಿದೆ.

ಮೊದಲು ಆ ಮಾಲಿನ ಪರಿಚಯ ಮಾಡಿಕೊಳ್ಳೋಣ. 1982ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಝಡ್ ಎಕ್ಸ್ ಸ್ಪೆಕ್ಟ್ರಮ್ ಎಂಬ ಚಿಕ್ಕ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. 16 ಕಿಲೋಬೈಟ್ ನೆನಪಿನ ಮಾದರಿಗೆ 125 ಪೌಂಡು, 48 ಕಿಲೋಬೈಟಿನದಕ್ಕೆ 175 ಪೌಂಡು. ಅದೇ ವರ್ಷ ಅಮೆರಿಕದಲ್ಲಿ ಕಾಮೊಡೋರ್ 64 ಬಂತು. 1984ರಲ್ಲಿ ಆಮ್‌ಸ್ಟ್ರಾಡ್ ಕಂಪನಿಯ ಯಂತ್ರ ಬಂತು. 1985ರಲ್ಲಿ ಅಟಾರಿ ಎಸ್‌ಟಿ ಮತ್ತು ಕಾಮೊಡೋರ್ ಕಂಪನಿಯದೇ ಆದ ಅಮಿಗಾ ಬಂದವು. ಈ ಕೊನೆಯ ಎರಡು ಯಂತ್ರಗಳು ಮೊದಲಿನವುಗಳಿಗಿಂತ ಬಹಳ ಬಲವಾದವು, ಬೆಲೆಯೂ ಹೆಚ್ಚು. ಸ್ಪೆಕ್ಟ್ರಮ್ಮಿನಂಥ ಯಂತ್ರವನ್ನು ಮನೆಯ ಟಿ.ವಿ.ಗೆ ಜೋಡಿಸಿ ಬಳಸುತ್ತಿದ್ದರು. ಆಟಗಳು ಬರುತ್ತಿದ್ದದ್ದು ನಾವು ಭಕ್ತಿಗೀತೆ ಕೇಳುತ್ತಿದ್ದಂಥ ಸಾಧಾರಣ ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿ, ಅದು ಕಿರ್‍ರೆಂದು ಕೂಗುವುದನ್ನು ಕೆಲವು ನಿಮಿಷ ಸಹಿಸಿಕೊಂಡರೆ ಆಟ ಯಂತ್ರದೊಳಗೆ ಇಳಿಯುತ್ತಿತ್ತು. 1980ರ ದಶಕದ ಮಧ್ಯದಲ್ಲಿ ಪೂರ್ತಿ ಬೆಲೆಯ ಆಟಕ್ಕೆ ಎಂಟರಿಂದ ಹತ್ತು ಪೌಂಡು. ಕೈಖರ್ಚಿನ ಹಣ ಕೂಡಿಸಿ ಕೊಳ್ಳುವ ಶಾಲೆಯ ಹುಡುಗನಿಗೆ ಇದು ದೊಡ್ಡ ಮೊತ್ತ.

ಇನ್ನು ಯಂತ್ರಗಳ ಯೋಗ್ಯತೆ. ಸ್ಪೆಕ್ಟ್ರಮ್ಮಿನ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳು. ಬಣ್ಣದ ವಿಷಯದಲ್ಲಿ ಒಂದು ಕಟ್ಟುಪಾಡಿತ್ತು. ಪರದೆಯನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ 768 ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕದಲ್ಲಿ ಎರಡೇ ಬಣ್ಣ ಹಾಕಬಹುದಾಗಿತ್ತು. ನೇಕಾರನಿಗೆ ಒಂದು ಸೀರೆ ಕೊಟ್ಟು, ಗುಂಡಿಯಷ್ಟು ಅಗಲದ ಒಂದೊಂದು ಚೌಕಕ್ಕೆ ಎರಡೇ ಬಣ್ಣದ ನೂಲು ಬಳಸು, ಮೂರನೆಯದು ಸೇರಿಸಬೇಡ ಎಂದು ಹೇಳಿದಂತೆ. ಆಟದ ಮನುಷ್ಯ ಒಂದು ಬಣ್ಣದ ಗಿಡದ ಮುಂದೆ ಹಾದುಹೋದರೆ ಗಿಡದ ಬಣ್ಣ ಮನುಷ್ಯನಿಗೆ ಹತ್ತುತ್ತಿತ್ತು, ಇಲ್ಲವೇ ಮನುಷ್ಯನ ಬಣ್ಣ ಗಿಡಕ್ಕೆ. ಈ ತಾಪತ್ರಯ ತಪ್ಪಿಸಲು ಎಷ್ಟೋ ಆಟಗಳನ್ನು ಹಳದಿ ನೆಲದ ಮೇಲೆ ಕಪ್ಪು ಗೆರೆಗಳಲ್ಲಿ, ಒಂದೇ ಬಣ್ಣದಲ್ಲಿ ಮುಗಿಸಿಬಿಡುತ್ತಿದ್ದರು. ಅಮಿಗಾದಲ್ಲಾದರೋ 4096 ಬಣ್ಣಗಳೊಳಗಿಂದ ಆರಿಸಿದ 32 ಬಣ್ಣಗಳನ್ನು ಒಂದೇ ಪರದೆಯ ಮೇಲೆ ಎಲ್ಲಿ ಬೇಕಾದರೂ ಇಡಬಹುದಾಗಿತ್ತು. ಹೀಗಾಗಿ ಹೆಸರು ಒಂದೇ ಇದ್ದರೂ ಸ್ಪೆಕ್ಟ್ರಮ್ಮಿನ ಆಟ ಬೇರೆ, ಅಮಿಗಾದ ಆಟ ಬೇರೆ. ಎಷ್ಟೋ ಸಲ ಅವುಗಳನ್ನು ಬರೆದ ಜನರೂ ಬೇರೆ ಬೇರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಹೆಸರು ಒಂದು, ತರ ನಾಲ್ಕು.

ಈಗ ಡಬ್ಬಿಗೆ ಬರೋಣ. ಡಬ್ಬಿಯ ಮುಂದಿನ ಮುಖದಲ್ಲಿ ಚಿತ್ರಕಾರ ಬರೆದ ಬಣ್ಣದ ಚಿತ್ರ. ಹಿಂದಿನ ಮುಖದಲ್ಲಿ ಆಟದ ವರ್ಣನೆ ಮತ್ತು ಪರದೆಯ ಎರಡು ಮೂರು ಫೋಟೋಗಳು. ಆಟವನ್ನು ನಾಲ್ಕೈದು ಯಂತ್ರಗಳಿಗೆ ಮಾರುತ್ತಿದ್ದರೂ ಎಷ್ಟೋ ಕಂಪನಿಗಳು ಹಿಂದಿನ ಮುಖವನ್ನು ಎಲ್ಲಕ್ಕೂ ಒಂದೇ ರೀತಿ ಅಚ್ಚು ಹಾಕಿಸುತ್ತಿದ್ದವು. ಹಾಗಿದ್ದಾಗ ಫೋಟೋ ಯಾವ ಯಂತ್ರದ್ದು ಇರುತ್ತಿತ್ತು? ಊಹಿಸಲು ಕಷ್ಟವಿಲ್ಲ. ಎಲ್ಲಕ್ಕಿಂತ ಚೆಂದ ಕಾಣುವ ಅಮಿಗಾದ್ದೋ ಅಟಾರಿ ಎಸ್‌ಟಿಯದ್ದೋ ಇರುತ್ತಿತ್ತು. ಕೆಲವು ಸಲ ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿದ್ದ ದೊಡ್ಡ ಯಂತ್ರದ ಫೋಟೋವನ್ನೇ ಹಾಕುತ್ತಿದ್ದರು. ಹುಡುಗ ಆ ಫೋಟೋ ನೋಡಿ, ಹಣ ಎಣಿಸಿ ಕೊಟ್ಟು, ಸ್ಪೆಕ್ಟ್ರಮ್ಮಿನ ಕ್ಯಾಸೆಟ್ಟು ತೆಗೆದುಕೊಂಡು ಮನೆಗೆ ಓಡುತ್ತಿದ್ದ. ಐದು ನಿಮಿಷ ಕಾದ ಮೇಲೆ ಪರದೆಯ ಮೇಲೆ ಬರುತ್ತಿದ್ದದ್ದು ಹಳದಿ ನೆಲ, ಕಪ್ಪು ಗೆರೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಆ ಹುಡುಗನಿಗೆ ಗೊತ್ತಿರಲಿಲ್ಲ, ಅನುಭವಕ್ಕೆ ಮಾತ್ರ ಬರುತ್ತಿತ್ತು. ಕ್ಯಾಸೆಟ್ಟು ಯಂತ್ರಕ್ಕೆ ಇಳಿಯದಿದ್ದರೆ ಅಂಗಡಿಯವರು ಬದಲಿಸಿ ಕೊಡುತ್ತಿದ್ದರು. ಚಿತ್ರದಂತೆ ಇಲ್ಲ ಎಂಬ ಕಾರಣಕ್ಕೆ ಸಾಮಾನ್ಯವಾಗಿ ಹಿಂದೆ ತೆಗೆದುಕೊಳ್ಳುತ್ತಿರಲಿಲ್ಲ.

ಕಂಪನಿಗಳು ಹುಷಾರಾಗಿದ್ದವು. ಡಬ್ಬಿಯ ಕೆಳಗಿನ ಮೂಲೆಯಲ್ಲಿ ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ ಒಂದು ಸಾಲು ಅಚ್ಚು ಹಾಕಿಸುತ್ತಿದ್ದವು. ಈ ಚಿತ್ರಗಳು ಬೇರೆ ಬೇರೆ ಯಂತ್ರಗಳಿಂದ ತೆಗೆದವು, ಆಟದ ರೀತಿಯನ್ನು ತೋರಿಸಲು ಮಾತ್ರ ಹಾಕಿದ್ದೇವೆ, ಅಂದಚೆಂದ ನಿಮ್ಮ ಯಂತ್ರದ ಯೋಗ್ಯತೆಗೆ ತಕ್ಕಂತೆ ಇರುತ್ತದೆ ಎನ್ನುವುದು ಆ ಸಾಲಿನ ತಾತ್ಪರ್ಯ. ಅಲ್ಲಿಗೆ ಕಂಪನಿಯ ಕೈ ತೊಳೆದ ಹಾಗಾಯಿತು. ಅಚ್ಚಾದ ಅಕ್ಷರ ಅಕ್ಷರವೂ ನಿಜ. ಫೋಟೋ ಕೂಡ ಸುಳ್ಳಲ್ಲ, ಅದು ನಿಜವಾದ ಆಟದ ನಿಜವಾದ ಫೋಟೋ. ಈ ಡಬ್ಬಿಯೊಳಗಿನ ಆಟದ್ದು ಅಲ್ಲ, ಅಷ್ಟೇ!

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮುಂದಿನ ಮುಖದ ಬಣ್ಣದ ಚಿತ್ರವನ್ನು ನಾನು ದೂರುವುದಿಲ್ಲ. ಓಷನ್ ಎಂಬ ಕಂಪನಿಗೆ ಬಾಬ್ ವೇಕ್‌ಲಿನ್ ಎಂಬ ಚಿತ್ರಕಾರರು ಬರೆದ ಮುಖಚಿತ್ರಗಳನ್ನು ಜನ ಇಂದಿಗೂ ಮೆಚ್ಚಿ ಜೋಪಾನ ಮಾಡಿದ್ದಾರೆ. ಅದು ಅಲಂಕಾರ, ನೋಡಿದವರಿಗೆಲ್ಲ ಅಲಂಕಾರ ಎಂದೇ ತಿಳಿಯುತ್ತದೆ. ಶಿವಕಾಶಿಯ ಬೆಂಕಿಪೊಟ್ಟಣದ ಮೇಲೆ ಹುಲಿಯ ಚಿತ್ರ ಇದ್ದರೆ ಒಳಗೆ ಹುಲಿ ಇದೆ ಎಂದು ಯಾರೂ ಕೊಳ್ಳುವುದಿಲ್ಲ. ಹಿಂದಿನ ಮುಖದ ಫೋಟೋ ಹಾಗಲ್ಲ. ಅದು ಸಾಕ್ಷಿ ಹೇಳಲು ನಿಂತದ್ದು. ‘ಒಳಗೆ ಇರುವುದು ಹೀಗಿದೆ ನೋಡು’ ಎಂದು ಹೇಳುವುದೇ ಅದರ ಕೆಲಸ. ಅಲಂಕಾರ ಅತಿಯಾದರೆ ಅದು ಅಭಿರುಚಿಯ ಪ್ರಶ್ನೆ. ಸಾಕ್ಷಿ ತಪ್ಪು ಹೇಳಿದರೆ ಅದು ವ್ಯವಹಾರದ ಪ್ರಶ್ನೆ.

ಕಂಪನಿಗಳ ಕಡೆಯ ಕಾರಣಗಳನ್ನೂ ಕೇಳಬೇಕು. ಐದು ಯಂತ್ರಗಳಿಗೆ ಐದು ಬಗೆಯ ಡಬ್ಬಿ ಅಚ್ಚು ಹಾಕಿಸುವುದಕ್ಕಿಂತ ಒಂದೇ ಬಗೆ ಹಾಕಿಸಿದರೆ ಖರ್ಚು ಕಡಿಮೆ. ಕ್ರಿಸ್‌ಮಸ್ಸಿನ ಸುಗ್ಗಿಗೆ ಮಾಲು ಅಂಗಡಿ ಸೇರಬೇಕು. ಡಬ್ಬಿ ಅಚ್ಚಿಗೆ ಹೋಗುವಾಗ ಕೆಲವು ಯಂತ್ರಗಳ ಆಟ ಬರೆದು ಮುಗಿದೇ ಇರುತ್ತಿರಲಿಲ್ಲ. ಈ ತೊಂದರೆಗಳೆಲ್ಲ ನಿಜ. ದೀಪಾವಳಿಯ ಸುಗ್ಗಿ ಕಂಡ ನಮಗೆ ಇವು ಅರ್ಥವಾಗುತ್ತವೆ. ಆದರೆ ಲೆಕ್ಕ ಹಾಕಿ ನೋಡಿ. ಈ ತೊಂದರೆಗಳ ನಷ್ಟ ಯಾರ ತಲೆಗೆ ಬಂತು? ಅಚ್ಚಿನ ಖರ್ಚು ಉಳಿದದ್ದು ಕಂಪನಿಗೆ, ಹತ್ತು ಪೌಂಡು ಹೋದದ್ದು ಹುಡುಗನಿಗೆ. ತನ್ನ ಅಡಚಣೆಯ ಖರ್ಚನ್ನು ಗಿರಾಕಿಗೆ ಗೊತ್ತಾಗದಂತೆ ಅವನ ಜೇಬಿನಿಂದ ವಸೂಲು ಮಾಡಿದರೆ ಅದಕ್ಕೆ ಏನು ಹೆಸರು?

ಚಿತ್ರ ಮಾತ್ರವಲ್ಲ, ಇಡೀ ಡಬ್ಬಿಯೇ ಸಾಕ್ಷಿ ತಪ್ಪಿದ ಒಂದು ಪ್ರಸಂಗ ಆ ದೇಶದಲ್ಲಿ ಹೆಸರಾಗಿದೆ. 1986ರಲ್ಲಿ ಮೆಕ್ಸಿಕೋ ದೇಶದಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆಯಿತು. ಬರ್ಮಿಂಗ್‌ಹ್ಯಾಮಿನ ಯು.ಎಸ್. ಗೋಲ್ಡ್ ಕಂಪನಿ ಅದರ ಅಧಿಕೃತ ಆಟ ತರುವ ಹಕ್ಕು ಪಡೆದಿತ್ತು. ಹೊಸ ಆಟ ಸಮಯಕ್ಕೆ ಸಿದ್ಧವಾಗಲಿಲ್ಲ. ಆಗ ಅವರು ಆರ್ಟಿಕ್ ಎಂಬ ಇನ್ನೊಂದು ಕಂಪನಿ 1984ರಲ್ಲಿಯೇ ಮಾರಿದ್ದ ಹಳೆಯ ಫುಟ್‌ಬಾಲ್ ಆಟದ ಹಕ್ಕು ಕೊಂಡು, ಅಲ್ಪಸ್ವಲ್ಪ ತಿದ್ದಿ, ‘ವರ್ಲ್ಡ್ ಕಪ್ ಕಾರ್ನಿವಲ್’ ಎಂಬ ಹೊಸ ಹೆಸರಿಟ್ಟರು. ದೊಡ್ಡ ಡಬ್ಬಿ ಮಾಡಿಸಿದರು. ಗೋಡೆಗೆ ಅಂಟಿಸುವ ಪಟ್ಟಿ ಮೊದಲಾದ ಉಡುಗೊರೆಗಳನ್ನು ಒಳಗಿಟ್ಟರು. ಡಬ್ಬಿಯ ಮೇಲೆ ವಿಶ್ವಕಪ್ಪಿನ ಅಧಿಕೃತ ಗುರುತು, ಒಳಗೆ ಎರಡು ವರ್ಷ ಹಳೆಯ ಮಾಲು. ಕೊಂಡವರು ಸಿಟ್ಟಾದರು, ಪತ್ರಿಕೆಗಳು ಕಟುವಾಗಿ ಬರೆದವು. ಹಕ್ಕು ನಿಜ, ಗುರುತು ನಿಜ, ಪಟ್ಟಿ ನಿಜ. ಆದರೂ ಕೊಂಡವನಿಗೆ ಮೋಸ ಹೋದೆ ಎನಿಸಿತು. ಇಷ್ಟೊಂದು ನಿಜಗಳನ್ನು ಒಟ್ಟುಗೂಡಿಸಿದರೆ ಮೋಸ ಹೇಗೆ ಬಂತು ಎನ್ನುವುದೇ ನಾವು ವಿಚಾರ ಮಾಡಬೇಕಾದ ಮುಖ್ಯ ವಿಷಯ.

ನಮ್ಮ ಆಚಾರ್ಯರು ಈ ಗಂಟನ್ನು ಎಂದೋ ಬಿಡಿಸಿ ಇಟ್ಟಿದ್ದಾರೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಸತ್ಯಾಣುವ್ರತದ ಅತಿಚಾರಗಳನ್ನು ಓದಿ ನೋಡಿ. ತಪ್ಪು ಉಪದೇಶ, ಗುಟ್ಟು ರಟ್ಟು ಮಾಡುವುದು, ಖೋಟಾ ಬರಹ, ಇಟ್ಟ ಒತ್ತೆಯನ್ನು ಮರೆಸಿ ದಕ್ಕಿಸಿಕೊಳ್ಳುವುದು ಎಂಬಂಥವು ಅಲ್ಲಿವೆ. ನಾವು ಹೇಳುತ್ತಿರುವ ಡಬ್ಬಿಯ ದೋಷ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಮುಂದಿನ ಪಟ್ಟಿಯಲ್ಲಿ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ಕಾಯ್ದೆ ಮೀರುವುದು, ತೂಕ ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಇವುಗಳ ಜೊತೆಗೆ ಐದನೆಯದಾಗಿ ‘ಪ್ರತಿರೂಪಕ ವ್ಯವಹಾರ’ ಬರುತ್ತದೆ. ಒಂದರಂತೆ ಕಾಣುವ ಇನ್ನೊಂದನ್ನು ಅದರ ಬದಲಿಗೆ ದಾಟಿಸುವ ವ್ಯವಹಾರ ಎಂದು ಇದರ ಅರ್ಥ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಹೋಲಿಕೆಯ ವಸ್ತು ಬೆರೆಸುವುದನ್ನು ಈ ವ್ರತದ ಕೆಳಗೇ ಇಟ್ಟಿದ್ದಾರೆ.

ಹೀಗೇಕೆ? ನನ್ನ ಅಲ್ಪ ತಿಳಿವಳಿಕೆಗೆ ಬಂದದ್ದು ಇಷ್ಟು. ಸುಳ್ಳನ್ನು ಮಾತಿನಿಂದ ಅಳೆಯುತ್ತೇವೆ. ಕಳ್ಳತನವನ್ನು ಮಾತಿನಿಂದ ಅಳೆಯುವುದಿಲ್ಲ. ಅವನು ಕೊಡಲು ಒಪ್ಪದಿದ್ದ ಹಣ ನಮ್ಮ ಗಲ್ಲೆಗೆ ಬಂತೇ ಎನ್ನುವುದರಿಂದ ಅಳೆಯುತ್ತೇವೆ. ಆ ಹುಡುಗ ಹಳದಿ ಕಪ್ಪಿನ ಪರದೆಯ ಫೋಟೋ ನೋಡಿದ್ದರೂ ಹತ್ತು ಪೌಂಡು ಕೊಡುತ್ತಿದ್ದನೇ? ಕೊಡುತ್ತಿದ್ದರೆ ದೋಷವಿಲ್ಲ. ಕೊಡುತ್ತಿರಲಿಲ್ಲ ಎಂದು ಕಂಪನಿಗೆ ಗೊತ್ತಿದ್ದುದರಿಂದಲೇ ಬೇರೆ ಯಂತ್ರದ ಫೋಟೋ ಹಾಕಿದ್ದರೆ, ಮೂಲೆಯ ಸಾಲಿನ ಅಕ್ಷರಗಳೆಲ್ಲ ನಿಜವಾಗಿದ್ದರೂ ಹಣ ಮಾತ್ರ ಅಪಹರಣದ ಹಣವೇ. ಸತ್ಯವ್ರತ ಉಳಿಯಿತು ಎಂದು ಸಮಾಧಾನ ಪಡುವಷ್ಟರಲ್ಲಿ ಅಚೌರ್ಯವ್ರತ ಹೋಗಿರುತ್ತದೆ.

ಮೋಸಕ್ಕೆ ಮದ್ದು ಕೂಡ ಆ ದೇಶದಲ್ಲಿಯೇ ಹುಟ್ಟಿತು. 1984ರಲ್ಲಿ ಲಡ್ಲೋ ಎಂಬ ಚಿಕ್ಕ ಊರಿನಿಂದ ‘ಕ್ರ್ಯಾಶ್’ ಎಂಬ ಸ್ಪೆಕ್ಟ್ರಮ್ ಪತ್ರಿಕೆ ಹೊರಟಿತು. ಅದು ಊರಿನ ಶಾಲೆಯ ಹುಡುಗರ ಕೈಯಲ್ಲೇ ಆಟಗಳನ್ನು ಆಡಿಸಿ, ಅವರ ಅಭಿಪ್ರಾಯವನ್ನೂ ಪರದೆಯ ಚಿತ್ರಗಳನ್ನೂ ಅಚ್ಚು ಹಾಕುತ್ತಿತ್ತು. ಮುಂದೆ ಪತ್ರಿಕೆಗಳ ಜೊತೆಗೆ ಕ್ಯಾಸೆಟ್ಟು ಅಂಟಿಸಿ ಆಟದ ಒಂದು ಭಾಗವನ್ನು ಆಡಿ ನೋಡಲು ಕೊಡುವ ಪದ್ಧತಿಯೂ ಬಂತು. ಅಡತಿ ಅಂಗಡಿಯಲ್ಲಿ ಚೀಲದ ಬಾಯಿ ನೋಡಿ ಬೆಲೆ ಕಟ್ಟುವುದಿಲ್ಲ, ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತೇವಲ್ಲ, ಇದೂ ಹಾಗೆಯೇ. ಕೆಲವು ಕಂಪನಿಗಳು ಪ್ರತಿ ಫೋಟೋದ ಕೆಳಗೆ ಅದು ಯಾವ ಯಂತ್ರದ್ದು ಎಂದು ಹೆಸರು ಹಾಕುತ್ತಿದ್ದವು. ಒಂದು ಫೋಟೋಕ್ಕೆ ಒಂದು ಶಬ್ದ! ಪ್ರಾಮಾಣಿಕತೆಯ ಖರ್ಚು ಅಷ್ಟೇ ಆಗಿತ್ತು.

ನಿಜ ತೋರಿಸಿದರೆ ಮಾಲು ಹೋಗುವುದಿಲ್ಲ ಎನ್ನುವವರಿಗೆ ಅಮೆರಿಕದ ಎರಡು ಉದಾಹರಣೆ ಹೇಳುತ್ತೇನೆ. ಇವು ಕಂಪ್ಯೂಟರಿನವಲ್ಲ, ಟಿ.ವಿ.ಗೆ ಜೋಡಿಸಿ ಆಡುವ ಆಟದ ಯಂತ್ರಗಳವು. ಅಟಾರಿ ಕಂಪನಿಯ ಯಂತ್ರದಲ್ಲಿ ಕಾಣುತ್ತಿದ್ದದ್ದು ಬರೀ ಚೌಕ ಚೌಕವಾದ ಬೊಂಬೆಗಳು, ಡಬ್ಬಿಗಳ ಮೇಲೆ ಇರುತ್ತಿದ್ದದ್ದು ಸಿನಿಮಾ ಪೋಸ್ಟರಿನಂಥ ಚಿತ್ರಗಳು. ಅಲ್ಲಿಂದ ಹೊರಬಂದ ಕೆಲವರು 1979ರಲ್ಲಿ ಆ್ಯಕ್ಟಿವಿಷನ್ ಎಂಬ ಕಂಪನಿ ಕಟ್ಟಿದರು. 1980ರಿಂದ ಅವರು ತಂದ ಆಟಗಳ ಡಬ್ಬಿಯ ಮೇಲೆ ಆಟದ ಪರದೆಯನ್ನೇ ಹೋಲುವ ಚಿತ್ರ ಹಾಕಿದರು. ಕಂಪನಿ ಬೆಳೆಯಿತೇ ಹೊರತು ಮುಳುಗಲಿಲ್ಲ. 1983ರಲ್ಲಿ ಅಮೆರಿಕದ ಆಟಗಳ ಪೇಟೆ ಕುಸಿದುಬಿತ್ತು. ಕಾರಣಗಳು ಹಲವು, ಅವುಗಳಲ್ಲಿ ಕಳಪೆ ಮಾಲಿನ ಮೇಲೆ ಜನರಿಗೆ ಬಂದ ಬೇಸರವೂ ಒಂದು. 1985ರಲ್ಲಿ ಜಪಾನಿನ ನಿಂಟೆಂಡೋ ಕಂಪನಿ ಅದೇ ಪೇಟೆಗೆ ಕಾಲಿಟ್ಟಾಗ ಅದರ ಮೊದಲ ಆಟಗಳ ಕಪ್ಪು ಡಬ್ಬಿಗಳ ಮೇಲೆ ಪರದೆಯಲ್ಲಿ ಕಾಣುವ ಚೌಕ ಚೌಕದ ಬೊಂಬೆಗಳನ್ನೇ ದೊಡ್ಡದು ಮಾಡಿ ಅಚ್ಚು ಹಾಕಿತು. ‘ಇದೇ ಬರುತ್ತದೆ, ಇಷ್ಟೇ ಬರುತ್ತದೆ’ ಎಂದು ಹೇಳಿದಂತೆ. ನಂಬಿಕೆ ಸತ್ತ ಪೇಟೆಯಲ್ಲಿ ಆ ಕಂಪನಿಯ ಮಾಲು ಮುಂದೆ ಮನೆಮನೆಗೆ ಹೋಯಿತು.

ಕಾಯ್ದೆಯೂ ನಿಧಾನವಾಗಿ ಆಚಾರ್ಯರ ಮಾತಿನ ಹತ್ತಿರಕ್ಕೆ ಬರುತ್ತಿದೆ. ಹೇಳಿದ ಮಾತು ನಿಜವಿದ್ದರೂ ಒಟ್ಟಾರೆ ತೋರಿಸಿದ ರೀತಿ ಗಿರಾಕಿಯನ್ನು ದಾರಿ ತಪ್ಪಿಸಿದರೆ ಅದು ತಪ್ಪೇ ಎಂದು 2008ರಲ್ಲಿ ಬ್ರಿಟನ್ನಿನಲ್ಲಿ ನಿಯಮ ಬಂತು. 2020ರಲ್ಲಿ ಹೋಮ್‌ಸ್ಕೇಪ್ಸ್, ಗಾರ್ಡನ್‌ಸ್ಕೇಪ್ಸ್ ಎಂಬ ಮೊಬೈಲ್ ಆಟಗಳ ಜಾಹೀರಾತಿನ ಮೇಲೆ ಅಲ್ಲಿಯ ಜಾಹೀರಾತು ಗುಣಮಟ್ಟ ಪ್ರಾಧಿಕಾರಕ್ಕೆ ದೂರು ಹೋಯಿತು. ಜಾಹೀರಾತಿನಲ್ಲಿ ಪಿನ್ನು ಎಳೆದು ಬಿಡಿಸುವ ಒಗಟು, ಒಳಗಿನ ಮುಖ್ಯ ಆಟ ಒಂದೇ ಬಗೆಯ ಕಾಯಿಗಳನ್ನು ಸಾಲು ಜೋಡಿಸುವುದು. ಎಲ್ಲ ಚಿತ್ರಗಳೂ ನಿಜವಾದ ಆಟದವಲ್ಲ ಎಂಬ ಸಾಲು ಅಲ್ಲಿಯೂ ಇತ್ತು! ಆ ಸಾಲು ಸಾಲದು, ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದು ಪ್ರಾಧಿಕಾರ ತೀರ್ಮಾನಿಸಿತು. ನಮ್ಮ ದೇಶದಲ್ಲಿ 2022ರ ಜೂನ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ತಪ್ಪು ಕಲ್ಪನೆ ಕೊಡುವ ಜಾಹೀರಾತನ್ನು ಕೆಳಗಿನ ಚಿಕ್ಕ ಸಾಲಿನಿಂದ ಸರಿಪಡಿಸಿದೆವು ಎನ್ನುವಂತಿಲ್ಲ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಸಾಲೂ ಅದೇ ಭಾಷೆಯಲ್ಲಿರಬೇಕು. ಎರಡು ಮೂರು ಭಾಷೆಗಳ ಗಿರಾಕಿಗಳ ನಡುವೆ ವ್ಯಾಪಾರ ಮಾಡುವ ಗಡಿಭಾಗದ ನಾವು ಇದನ್ನು ವಿಶೇಷವಾಗಿ ನೆನಪಿಡಬೇಕು. ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಆಸೆ ತೋರಿಸಿ, ಷರತ್ತನ್ನು ಇಂಗ್ಲೀಷಿನಲ್ಲಿ ಬರೆದರೆ ಅದು ನಡೆಯದು.

ಇಷ್ಟೆಲ್ಲ ಏಕೆ ಬರೆದೆ ಎಂದರೆ, ಈಗ ಆ ಡಬ್ಬಿ ನಮ್ಮ ಮಕ್ಕಳ ಕೈಗೆ ಬಂದಿದೆ. ಅಂಗಡಿಯ ಗಾದಿಯ ಮೇಲೆ ಗಿರಾಕಿಯನ್ನು ಕೂಡಿಸಿ, ಸೀರೆ ಬಿಚ್ಚಿ ಬೆಳಕಿಗೆ ಹಿಡಿದು ತೋರಿಸುವ ವ್ಯಾಪಾರ ಕಡಿಮೆಯಾಗುತ್ತಿದೆ. ಮೊಬೈಲಿನಲ್ಲಿ ಫೋಟೋ ಕಳಿಸಿ ಆರ್ಡರು ಹಿಡಿಯುವ ವ್ಯಾಪಾರ ಬೆಳೆಯುತ್ತಿದೆ. ಗಿರಾಕಿ ಮುಟ್ಟಿ ನೋಡಲಾರ, ಫೋಟೋವೇ ಅವನ ಕಣ್ಣು, ಫೋಟೋವೇ ಅವನ ಕೈ. ದೊಡ್ಡ ಊರಿನ ದೊಡ್ಡ ಕಂಪನಿಯ ಮಾಲಿನ ಫೋಟೋ ಎತ್ತಿ ಹಾಕಿ, ಕೆಳಗೆ ‘ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು’ ಎಂದು ಬರೆಯುವುದು ಬಹಳ ಸುಲಭ. ಎಲ್ಲರೂ ಮಾಡುತ್ತಾರೆ ಎಂಬ ಮಾತೂ ಸಿದ್ಧವಾಗಿರುತ್ತದೆ. ಇಂಗ್ಲೆಂಡಿನ ಕಂಪನಿಗಳೂ ಇದೇ ಮಾತು ಹೇಳಬಹುದಾಗಿತ್ತು.

ಆದ್ದರಿಂದ ಈ ಸಲದ ಚಾತುರ್ಮಾಸದಲ್ಲಿ ವ್ಯಾಪಾರದ ಪ್ರತಿ ಮನೆಯವರೂ ಮೂರು ಚಿಕ್ಕ ನಿಯಮ ತೆಗೆದುಕೊಳ್ಳಲಿ ಎಂದು ನನ್ನ ವಿನಂತಿ. ಒಂದು, ಕಳಿಸುವ ಮಾಲಿನ ಫೋಟೋವನ್ನೇ, ನಮ್ಮ ಅಂಗಡಿಯ ಬೆಳಕಿನಲ್ಲಿಯೇ ತೆಗೆದು ತೋರಿಸುವುದು. ಎರಡು, ಫೋಟೋ ಬೇರೆ ತರದ್ದಾಗಿದ್ದರೆ ಮೂಲೆಯಲ್ಲಿ ಅಲ್ಲ, ಬೆಲೆಯ ಪಕ್ಕದಲ್ಲಿ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಹಾಗೆಂದು ಬರೆಯುವುದು. ಮೂರು, ಫೋಟೋದಂತೆ ಇಲ್ಲ ಎಂದು ಗಿರಾಕಿ ಮಾಲು ಹಿಂದೆ ತಂದರೆ ವಾದ ಮಾಡದೆ ಹಣ ಎಣಿಸಿ ಕೊಡುವುದು. ಇದರಿಂದ ನಾಲ್ಕು ಆರ್ಡರು ಕಡಿಮೆ ಬಂದಾವು. ಆ ನಾಲ್ಕು ಆರ್ಡರಿನ ಹಣ ನಮ್ಮದಲ್ಲವೇ ಅಲ್ಲ ಎಂದು ತಿಳಿದರೆ ಮನಸ್ಸಿಗೆ ಭಾರವಾಗುವುದಿಲ್ಲ.

ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವ ಧರ್ಮವನ್ನು ಪೂಜಿಸುತ್ತೇವೆ. ಮನಸ್ಸಿನಲ್ಲಿ ಇದ್ದದ್ದೇ ಮಾತಿನಲ್ಲಿ, ಮಾತಿನಲ್ಲಿ ಇದ್ದದ್ದೇ ಕೃತಿಯಲ್ಲಿ ಎಂದು ಅಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ವ್ಯಾಪಾರದ ಮನೆಯ ಮಕ್ಕಳಿಗೆ ಇನ್ನೊಂದು ಮಾತು ಸೇರಿಸಿ ಹೇಳೋಣ: ಚಿತ್ರದಲ್ಲಿ ಇದ್ದದ್ದೇ ಡಬ್ಬಿಯಲ್ಲಿ.